ಎಂಜಲು ಟ್ರೇ

"ನಾಯೀನೂ ಮೂಸಲ್ಲ ಕಣೇ ಇದನ್ನ!" ಎಂದು ಗಿರಾಕಿಯೊಬ್ಬ ತಣ್ಣಗಾದ ಬರ್ಗರನ್ನು ಕೌಂಟರಿನ ಮೇಲೆ ಕುಕ್ಕಿದಾಗ ಮೂಲೆಯ ಮೇಜಿನಲ್ಲಿದ್ದ ಅಪ್ಪ ದಡಕ್ಕನೆ ಎದ್ದರು. ಅಮ್ಮ ತೋಳು ಹಿಡಿದು ಕೂರಿಸಿದಳು. "ಸುಮ್ನಿರಿ. ಇಲ್ಲಿ ಮ್ಯಾನೇಜರು ನೀವಲ್ಲ, ನಿಮ್ಮ ಮಗಳು." ಓದಿಸಿದ್ದು ಕಂಡವರ ಎಂಜಲು ಎತ್ತೋಕಾ ಎಂದು ದಾರಿಯುದ್ದಕ್ಕೂ ಗೊಣಗಿಕೊಂಡೇ ಬಂದಿದ್ದರು ಅಪ್ಪ.

ಅಷ್ಟರಲ್ಲಿ ಮಗಳು ಅಡುಗೆಮನೆಯಿಂದ ಬಂದವಳೇ, ಕಣ್ಣು ತುಂಬಿಕೊಂಡು ನಿಂತಿದ್ದ ಕೌಂಟರಿನ ಹುಡುಗಿಯನ್ನು ತನ್ನ ಬೆನ್ನ ಹಿಂದಕ್ಕೆ ಸರಿಸಿಕೊಂಡಳು. "ತಪ್ಪು ನಮ್ದೇ ಸರ್. ಬಿಸಿಬಿಸಿಯಾಗಿ ಬೇರೆ ಕೊಡ್ತೀನಿ. ಆದ್ರೆ ಇವ್ರ ಹತ್ರ ಮಾತಾಡೋವಾಗ ಮರ್ಯಾದೆ ಇರ್ಲಿ. ಇವ್ರು ನಮ್ಮೋರು." ದನಿ ಏರಲಿಲ್ಲ, ನಡುಗಲೂ ಇಲ್ಲ. ಬಿಸಿ ಬರ್ಗರ್ ಕೈಗೆ ಬರುವ ಹೊತ್ತಿಗೆ ಗಿರಾಕಿಯ ಸಿಟ್ಟು ಜರ್ರನೆ ಇಳಿದಿತ್ತು. ಹೋಗುವ ಮುಂಚೆ ಹುಡುಗಿಯತ್ತ ತಿರುಗಿ, "ಬೇಜಾರು ಮಾಡ್ಕೋಬೇಡಮ್ಮ" ಎಂದ.

ಮನೆಯಲ್ಲಿ ಉಂಡ ತಟ್ಟೆಯನ್ನು ಒಂದು ಗೇಣೂ ಸರಿಸಿದವರಲ್ಲ ಅಪ್ಪ. ಅದನ್ನೆತ್ತಿ ಎತ್ತಿ ರೂಢಿಯಾಗಿದ್ದ ಅಮ್ಮ ಈಗಲೂ ತಾವು ತಿಂದು ಮುಗಿಸಿದ್ದ ಟ್ರೇಗೆ ಕೈ ಚಾಚಿದಳು.

"ಬಿಡು, ನಾನೇ ಇಟ್ಟು ಬರ್ತೀನಿ."

ಅಮ್ಮನ ಕೈ ಚಾಚಿದಲ್ಲೇ ನಿಂತಿತು. ಅಪ್ಪ ಖಾಲಿ ಲೋಟ, ಸಾಸ್ ಮೆತ್ತಿದ ಕಾಗದ ಎಲ್ಲ ಒಟ್ಟುಮಾಡಿ, ಟ್ರೇಯನ್ನು ಎರಡೂ ಕೈಯಲ್ಲಿ ಹಿಡಿದು, ಎದೆಯುಬ್ಬಿಸಿಕೊಂಡು ಕಸದ ಡಬ್ಬಿಯ ಕಡೆ ಹೊರಟರು. ಸಾಲಿನಲ್ಲಿ ನಿಂತವರು ದಾರಿಗೆ ಅಡ್ಡವಾದರು.

"ಸ್ವಲ್ಪ ಜಾಗ ಬಿಡೀಪ್ಪಾ," ಎಂದರು ಇಡೀ ಹೋಟೆಲಿಗೆ ಕೇಳುವಂತೆ, "ನಾನು ಮ್ಯಾನೇಜರ್ ಅವರ ತಂದೆ."