ಶಾಮಲಾಳ ದನಿ

"ಈಗ ಕೇಳ್ರಿ ಸರ್ರ," ಎಂದು ಮುಜಾಫರ ಹೆಡ್‌ಫೋನನ್ನು ಅನಂತನ ಕಿವಿಗೆ ಏರಿಸಿದ. ಮೇಜಿನ ಮೇಲೆ ಅನಂತನ ಹಳೆಯ ಲ್ಯಾಪ್‌ಟಾಪು. ಅದರ ಯುಎಸ್‌ಬಿ ಕಿಂಡಿಗೆ ಗೇಣುದ್ದದ ವೈರು, ವೈರಿನ ತುದಿಗೆ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಕರಿ ಡಬ್ಬಿ; ಹೆಡ್‌ಫೋನು ಚುಚ್ಚಿದ್ದು ಅದಕ್ಕೇ. ಡಬ್ಬಿಯ ಸಣ್ಣ ದೀಪ ಹತ್ತಿಕೊಂಡಿತು. ಮರುಗಳಿಗೆ ಅನಂತ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡ. ಹೆಂಡತಿ ಶಾಮಲಾ ಪಕ್ಕದಲ್ಲೇ ಕೂತು ಹಾಡುತ್ತಿರುವಂತಿತ್ತು.

ಶಾಮಲಾ ಚಹಾದ ಕಪ್ಪು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಗಂಟಲಿನ ಕ್ಯಾನ್ಸರಿಗೆಂದು ಹುಬ್ಬಳ್ಳಿಯಲ್ಲಿ ಅವಳ ಧ್ವನಿಪೆಟ್ಟಿಗೆಯನ್ನೇ ತೆಗೆದು ವರ್ಷವಾಗುತ್ತ ಬಂದಿತ್ತು. ಈಗ ಅವಳು ಉಸಿರಾಡುವುದು ಕೊರಳಲ್ಲಿ ಮಾಡಿದ ರಂಧ್ರದಿಂದ. ಕರೆಯಬೇಕಾದರೆ ಚಪ್ಪಾಳೆ ತಟ್ಟುತ್ತಾಳೆ, ಹೇಳಬೇಕಾದ್ದನ್ನು ಮೊಬೈಲಿನಲ್ಲಿ ಬರೆದು ತೋರಿಸುತ್ತಾಳೆ.

"ಅಕ್ಕಾರು ಆರಾಮ ಇದ್ದಾಗ ಸವಣೂರಾಗ ನಮ್ಮ ಸ್ಟುಡಿಯೋದಾಗ ಹಾಡಿದ್ದರಲ್ಲ, ಅದ ಇದು," ಎಂದ ಮುಜಾಫರ. "ನಿಮ್ಮ ಮೊಬೈಲಿನ್ಯಾಗ ಇರೋದು ಹಿಂಡಿ ಸಣ್ಣದು ಮಾಡಿದ್ದು. ಇದು ಅಸಲ್ ಫೈಲು, ಹಳೇ ಹಾರ್ಡ್‌ಡಿಸ್ಕಿನ್ಯಾಗ ಸಿಕ್ತು. ನಿಮ್ಮ ಲ್ಯಾಪ್‌ಟಾಪ ಬರೇ ಕರಕರ ಅಂತಿತ್ತು. ಈ ಡಬ್ಬಿ ಹಚ್ಚಿದ್ರ ಅದರ ಕಾಟ ಇಲ್ಲ. ದನಿ ಹೆಂಗಿತ್ತೋ ಹಂಗ ಬರ್ತದ." ಆಮೇಲೆ ಬಾಗಿಲ ಕಡೆ ತಿರುಗಿದ. "ಅಕ್ಕಾರ, ನೀವೂ ಒಂದ್ಸಲ ಕೇಳ್ರಿ."

ಶಾಮಲಾ ಬೇಡವೆಂದು ಕೈಯಾಡಿಸಿ, ಕಪ್ಪು ಮೇಜಿನ ಮೇಲಿಟ್ಟು ಒಳಗೆ ಹೋದಳು.

ಅಂದಿನಿಂದ ಹಿರೇಕೆರೂರಿನ ಆ ಮನೆಯ ಸಂಜೆಗಳೇ ಬೇರೆಯಾದವು. ಮೊದಲು ಅನಂತ ಕಾಲೇಜಿನ ಪಾಠ ಮುಗಿಸಿ ಬಂದವನು ಹೆಂಡತಿಯ ಪಕ್ಕ ಕಟ್ಟೆಯ ಮೇಲೆ ಕೂತು ಪೇಪರನ್ನು ಗಟ್ಟಿಯಾಗಿ ಓದುತ್ತಿದ್ದ. ನಡುನಡುವೆ ಅವಳು ಏನಾದರೂ ಬರೆದು ತೋರಿಸಿದರೆ ಇಬ್ಬರೂ ನಗುತ್ತಿದ್ದರು. ಈಗ ಕಾಲು ತೊಳೆದವನೇ ಲ್ಯಾಪ್‌ಟಾಪಿನ ಮುಂದೆ ಕೂರುತ್ತಿದ್ದ. ಮೊಬೈಲಿನಲ್ಲಿ ಎಂದೂ ಕೇಳದ್ದೆಲ್ಲ ಇದರಲ್ಲಿ ಕೇಳುತ್ತಿತ್ತು. ಸಾಲು ಎತ್ತುವ ಮುಂಚೆ ಅವಳು ಎಳೆದುಕೊಂಡ ಉಸಿರು, ತಂಬೂರಿಗೆ ತಾಗಿದ ಬಳೆ. ಎಲ್ಲಕ್ಕಿಂತ ಕೊನೆಗೆ, ಹಾಡು ಮುಗಿದ ಮೇಲೆ, ಗಾಜಿನಾಚೆ ಕೂತಿದ್ದ ಅವನನ್ನೇ ಅವಳು ಮೆಲ್ಲಗೆ ಕೇಳಿದ ಮಾತು: "ಚೊಲೋ ಬಂತೇನ್ರಿ?"

"ಬಂತು, ಭಾಳ ಚೊಲೋ ಬಂತು," ಎಂದು ಅನಂತ ಪ್ರತಿ ಸಲವೂ ಬಾಯಿಬಿಟ್ಟು ಉತ್ತರ ಕೊಡುತ್ತಿದ್ದ.

ಒಂದು ದಿನ ಶಾಮಲಾ ಅವನ ಎದುರಿಗೆ ಬಂದು ನಿಂತು ಮೊಬೈಲು ಹಿಡಿದಳು. 'ಯಾರ ಜೋಡಿ ಮಾತಾಡಾಕತ್ತೀರಿ?' ಎಂದು ಬರೆದಿದ್ದಳು. ಅನಂತ ಒಂದು ಕಿವಿಯಿಂದ ಹೆಡ್‌ಫೋನು ಸರಿಸಿ ನಕ್ಕ. "ಯಾರ ಜೋಡಿ ಅಂದ್ರ? ನಿನ್ನ ಜೋಡಿನ." ಅವಳು ಮತ್ತೇನೋ ಬರೆಯುತ್ತಿದ್ದಳು. ಅಷ್ಟರಲ್ಲಿ ಹಾಡು ಮತ್ತೆ ಮೊದಲಿನಿಂದ ಸುರುವಾಯಿತು. "ಒಂದ ನಿಮಿಷ ತಡಿ," ಎಂದು ಅವನು ಕಿವಿ ಮುಚ್ಚಿಕೊಂಡ. ಬರೆದದ್ದನ್ನು ಅಳಿಸಿ ಅವಳು ಹೋದಳು.

ಆ ಭಾನುವಾರ ಸಂಜೆ ಹಿತ್ತಲಿನ ಬಚ್ಚಲಲ್ಲಿ ಶಾಮಲಾ ಜಾರಿ ಬಿದ್ದಳು. ತೊಡೆಯ ಎಲುಬು ಮುರಿದಿತ್ತು, ಏಳಲಾಗಲಿಲ್ಲ. ತೆರೆದ ನಳದ ನೀರು ಬಕೆಟ್ಟು ತುಂಬಿ ಅವಳ ಸುತ್ತ ನೆಲದ ಮೇಲೆ ಹರಿಯುತ್ತಿತ್ತು. ಕೊರಳಿನ ರಂಧ್ರದೊಳಗೆ ನೀರು ಹೋದರೆ ಉಳಿಗಾಲವಿಲ್ಲವೆಂದು ಡಾಕ್ಟರು ಹೇಳಿದ್ದರು. ಒಂದು ಮೊಣಕೈ ಊರಿ ತಲೆಯನ್ನು ಎತ್ತಿ ಹಿಡಿದು, ಇನ್ನೊಂದು ಕೈಗೆ ಸಿಕ್ಕ ತಂಬಿಗೆಯನ್ನು ಕಲ್ಲಿಗೆ ಬಡಿದಳು. ನಿಲ್ಲಿಸಿ ಕಾದಳು. ಮತ್ತೆ ಬಡಿದಳು. ನಡುಮನೆಯಲ್ಲಿ ಅನಂತ ಕಣ್ಣು ಮುಚ್ಚಿ ಕೂತಿದ್ದ. ಅವನ ಕಿವಿಯಲ್ಲಿ ಶಾಮಲಾ ತಾರಸ್ಥಾಯಿಗೆ ಏರುತ್ತಿದ್ದಳು.

ಬಂದವಳು ಪಕ್ಕದ ಮನೆಯ ಅಡಿವೆವ್ವ. ನಳ ಬಂದ್ ಮಾಡಿ, ಶಾಮಲಾಳ ತಲೆಯಡಿ ಒಣಸೀರೆ ಮಡಚಿಟ್ಟು, ಯಾರನ್ನಾದರೂ ಕರೆಯೋಣವೆಂದು ಮನೆಯೊಳಗಿಂದ ಬೀದಿಗೆ ಓಡಿದಳು. ನಡುಮನೆಯಲ್ಲಿ ಅನಂತನನ್ನು ಕಂಡು ಗಕ್ಕನೆ ನಿಂತಳು. ಅವನು ಮನೆಯಲ್ಲಿರಬಹುದೆಂದು ಅವಳಿಗೆ ಹೊಳೆದೇ ಇರಲಿಲ್ಲ. ಹೋಗಿ ಹೆಡ್‌ಫೋನು ಕಿತ್ತಳು.

"ಮಾಸ್ತರ್ರ, ಅಕ್ಕಾರು ಬಚ್ಚಲದಾಗ ಬಿದ್ದಾರ್ರಿ! ತಂಬಗಿ ಬಡಿಯೋದು ನಮ್ಮ ಮನೀತನಕ ಬಂತು. ನಿಮಗ ಕೇಳಲಿಲ್ಲೇನ್ರಿ?"

"ನಾ... ಅಕೀ ಹಾಡು ಕೇಳಾಕತ್ತಿದ್ದೆ," ಎಂದ ಅನಂತ.

ಹಾವೇರಿಯ ಆಸ್ಪತ್ರೆಗೆ ಹೋಗುವ ದಾರಿಯುದ್ದಕ್ಕೂ ಅವನು ಹೆಂಡತಿಯ ಕೈ ಹಿಡಿದುಕೊಂಡೇ ಇದ್ದ. ಅದು ಇನ್ನೂ ತಣ್ಣಗಿತ್ತು. ಮಂಚದ ಮೇಲೆ ಮಲಗಿಸಿದಾಗಲೂ ಬಿಡಲಿಲ್ಲ. ಪರೀಕ್ಷೆ ಮಾಡುತ್ತಿದ್ದ ಡಾಕ್ಟರಮ್ಮ ಶಾಮಲಾಳ ಒದ್ದೆ ಬಟ್ಟೆ, ನೀರಲ್ಲಿ ನೆನೆದು ಬಿಳಿಚಿದ ಬೆರಳು ನೋಡಿ ಹುಬ್ಬು ಗಂಟಿಕ್ಕಿದರು.

"ಎಷ್ಟೊತ್ತು ಹಂಗ ಬಿದ್ದಿದ್ರಿ? ಮನ್ಯಾಗ ಯಾರೂ ಇರಲಿಲ್ಲೇನು?"

ಅಡಿವೆವ್ವ ನೆಲ ನೋಡಿದಳು. ಅನಂತ, "ಡಾಕ್ಟರ, ನಾನು..." ಎಂದು ಬಾಯಿ ತೆರೆದ.

ಶಾಮಲಾ ಗಂಡನ ಕೈಯೊಳಗಿಂದ ತನ್ನ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡಳು. ಡಾಕ್ಟರಮ್ಮನನ್ನೇ ನೋಡುತ್ತ, ಯಾರೂ ಇರಲಿಲ್ಲವೆಂದು ತಲೆಯಾಡಿಸಿದಳು.