ದಪ್ಪ ಅಕ್ಷರದ ಸಾಲು

"ತಡಿ, ಈ ಪೋಸ್ಟರಿನ ಫೋಟೋದಲ್ಲಿರೋ ಹುಡುಗಿ ಯಾಕೆ ಹೀಗೆ ನಗ್ತಿದಾಳೆ?" ದರ್ಜಿ ಅಕ್ಕ ಮಧ್ಯೆ ಬಾಯಿ ಹಾಕಿದಳು. ನಾಳೆ ಇಂಗ್ಲಿಷ್ ಶಿಕ್ಷಕರ ಸಮ್ಮೇಳನ. ಟೀಚರ್ ತಂಗಿಗೆ ಅಲ್ಲಿ ಮೊದಲ ಭಾಷಣ. ಹೊಲಿಗೆ ಅಂಗಡಿಯ ಗೋಡೆಗೆ ಗುಂಡುಪಿನ್ನಿನಲ್ಲಿ ಪೋಸ್ಟರ್ ಸಿಕ್ಕಿಸಿ, ಬೆಳಗಿನಿಂದ ಅವಳು ಎಂಟು ನಿಮಿಷದ ಮಾತನ್ನು ಒಂದೇ ಉಸಿರಿಗೆ ಒಪ್ಪಿಸುತ್ತಿದ್ದಳು.

ಆ ಪ್ರಶ್ನೆಗೆ ಭಾಷಣದ ಹಾಳೆಯಲ್ಲಿ ಉತ್ತರವಿರಲಿಲ್ಲ. ತಂಗಿ ಎಲ್ಲಿ ನಿಲ್ಲಿಸಿದ್ದೆನೆಂಬುದನ್ನೂ ಮರೆತು, ಮತ್ತೆ "ಗುಡ್ ಮಾರ್ನಿಂಗ್"ನಿಂದಲೇ ಶುರು ಮಾಡಿದಳು.

"ಇದೇನೇ, ನಿನ್ನ ಕ್ಲಾಸಿನ ಮಕ್ಕಳ ಥರ ಮೊದಲಿಂದ ಹಿಡ್ಕೊಂಡೆ?" ಅಕ್ಕ ನಕ್ಕಳು. "ಅದಿರಲಿ, ಮೇಲೆ ದಪ್ಪ ಅಕ್ಷರದಲ್ಲಿ ಏನು ಬರೆಸಿದೀಯ?"

"ಬಾಯಿಪಾಠ ಬಿಡಿಸಿ ಮಕ್ಕಳನ್ನ ಮಾತಾಡಿಸೋದು ಹೇಗೆ ಅಂತ." ಹೇಳುತ್ತಲೇ ತಂಗಿಯ ಕಿವಿ ಕೆಂಪಾಯಿತು, ಮರುಕ್ಷಣ ಅವಳಿಗೇ ನಗು ತಡೆಯಲಾಗಲಿಲ್ಲ. ಕೈಯಲ್ಲಿದ್ದ ಹಾಳೆಗಳನ್ನು ಚಿಂದಿ ಬಟ್ಟೆಯ ಬುಟ್ಟಿಗೆ ಹಾಕಿ, ಫೋಟೋದ ಹುಡುಗಿಯ ಮೇಲೆ ಬೆರಳಿಟ್ಟಳು.

"ಇವಳು ಒಂದು ವರ್ಷ ಇಂಗ್ಲಿಷಲ್ಲಿ ತುಟಿ ಬಿಚ್ಚಿರಲಿಲ್ಲ ಕಣಕ್ಕ. ಒಂದಿನ ನಾನು ಬೋರ್ಡಿನ ಮೇಲೆ ಹಸುವಿನ ಚಿತ್ರ ಬರೆದೆ. ಅದು ಹಸು ಅಲ್ಲ, ನಾಯಿ ಅಂತ ಇಂಗ್ಲಿಷಲ್ಲೇ ನನ್ನ ಜೊತೆ ಜಗಳಕ್ಕೆ ನಿಂತಳು."

ಅಕ್ಕ ಕತ್ತರಿ ಕೆಳಗಿಟ್ಟು, ಸ್ಟೂಲನ್ನು ಪೋಸ್ಟರಿನ ಹತ್ತಿರಕ್ಕೆ ಎಳೆದುಕೊಂಡಳು. "ಆಮೇಲೆ?"