ಗಿರೀಶನ ಹಾಜರಿ

ಅಥವಾ ನಾನು ಹೇಳುವ ಈ ಘಟನೆ ನಡೆದದ್ದು ಅವರೆಕಾಯಿಯ ಕಾಲದಲ್ಲೇ ಅಲ್ಲವೇನೋ. ಇವತ್ತು ಮತ್ತಿಕೆರೆಯ ತರಕಾರಿ ಅಂಗಡಿಯಲ್ಲಿ ಆ ಸೊಗಡು ಮೂಗಿಗೆ ಬಡಿದಾಗ ನೆನಪೇ ಅದನ್ನು ಸೇರಿಸಿಕೊಂಡಿರಬಹುದು. ಆಗ ಕೊರೋನಾದಿಂದ ಶಾಲೆ ಮುಚ್ಚಿತ್ತು. ಆನ್‌ಲೈನ್ ತರಗತಿಗೆ ಬಾರದವರ ಹೆಸರು ಶಾಲೆಯ ವಾಟ್ಸಾಪ್ ಗುಂಪಿನಲ್ಲಿ ಬೀಳುತ್ತಿತ್ತು. ಇನ್ನೊಂದು ಸಲ ಹೆಸರು ಬಂದರೆ ಗೆಳೆಯ ಗಿರೀಶನನ್ನು ಶಾಲೆಯಿಂದಲೇ ತೆಗೆಯುತ್ತಾರೆ ಎಂದು ಎಲ್ಲರೂ ಹೇಳುತ್ತಿದ್ದರು. ಅವರ ಮನೆಯ ಒಂದೇ ಫೋನು ಅವನಪ್ಪನ ಜೊತೆ ಡೆಲಿವರಿ ಕೆಲಸಕ್ಕೆ ಹೋಗಿಬಿಡುತ್ತಿತ್ತು. ಆ ಮಧ್ಯಾಹ್ನ ನಾನು ಅಮ್ಮನ ಫೋನಿನಲ್ಲಿ ನಾನಾಗಿ, ಅಪ್ಪನ ಲ್ಯಾಪ್‌ಟಾಪಿನಲ್ಲಿ ಕ್ಯಾಮೆರಾ ಆಫ್ ಮಾಡಿ ಗಿರೀಶನಾಗಿ ಕುಳಿತೆ.

“ಗಿರೀಶ, ಮೈಕ್ ಆನ್ ಮಾಡಿ ಪದ್ಯ ಓದಪ್ಪ,” ಎಂದರು ಕನ್ನಡ ಮಿಸ್.

ಮೈಕ್ ಆನ್ ಮಾಡಿದೆ. ಪದ್ಯದ ಪುಟ ಹುಡುಕತೊಡಗಿದೆ.

ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ನಮ್ಮಜ್ಜಿ ತಡೆಯಲಾರದೆ, “ಸುಮ್ಕೆ ಯಾಕ್ ಕುಂತೆ? ಓದೋ ಮಗಾ, ಇಸ್ಕೂಲಿಂದ ಎಸ್ರು ಓಯ್ತದೆ!” ಎಂದರು.

ಗಂಟಲು ದಪ್ಪ ಮಾಡಿಕೊಂಡು ಓದಿದೆ. ಮಿಸ್ ಕೊನೆಯವರೆಗೂ ಕೇಳಿಸಿಕೊಂಡರು.

“ಶೀತ ಆಗಿದ್ಯಾ ಗಿರೀಶ? ಬಿಸಿನೀರು ಕುಡಿ. ಹಾಜರಿ ಹಾಕಿದೀನಿ ಅಂತ ನಿಮ್ಮಜ್ಜಿಗೂ ಹೇಳು.”

ಗಿರೀಶನ ಮನೆಯಲ್ಲಿ ಅಜ್ಜಿ ಇರಲಿಲ್ಲ. ಅದು ಮಿಸ್‌ಗೆ ಗೊತ್ತಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ.